ಮಾಲೀಕ ಯಾವ ಪಾತ್ರ ಮಾಡುತ್ತಾನೆ?

ಪುಣೆಯ ಖರಾಡಿಯ ಐಟಿ ಕಚೇರಿಗಳಲ್ಲಿ ವಾರವಿಡೀ ದುಡಿಯುವ ಕನ್ನಡಿಗರಿಗೆ ಶನಿವಾರ ಸಂಜೆ ನಗರ ರಸ್ತೆಯ ಟ್ರಾಫಿಕ್ ದಾಟಿ ಬಾಲಗಂಧರ್ವ ರಂಗಮಂದಿರ ಮುಟ್ಟುವುದೇ ಒಂದು ಪೂರ್ವರಂಗ. ಪರಭಾಷೆಯ ನಾಟಕವೆಂದು ಸಂಕೋಚ ಬೇಡ. 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ನಾಂದಿ ಹಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು.

ಭಾಷೆ ಯಾವುದಾದರೇನು, ಯಾವುದೇ ನಾಟಕ ಕಂಪನಿಯ ಜಾಯಮಾನ ತಿಳಿಯಲು ನಾನು ಮೊದಲು ನೋಡುವುದು, ನಟನೂ ಆಗಿರುವ ಮಾಲೀಕ ತನಗೆಂದು ಯಾವ ಪಾತ್ರ ಇಟ್ಟುಕೊಂಡಿದ್ದಾನೆ ಎಂಬುದನ್ನು.

ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರವನ್ನು 1747ರಿಂದ 1776ರವರೆಗೆ ನಡೆಸಿದ ಡೇವಿಡ್ ಗ್ಯಾರಿಕ್ ಹ್ಯಾಮ್ಲೆಟ್, ಲಿಯರ್, ಮೂರನೇ ರಿಚರ್ಡ್ ಪಾತ್ರಗಳನ್ನೆಲ್ಲ ತಾನೇ ವಹಿಸಿದ. ಉಳಿದವರಿಗೆ ಹೊಟ್ಟೆಯುರಿ ಇರದಿದ್ದೀತೆ? ಅವರಿಗಿದ್ದ ಸಮಾಧಾನ ಆಗಿನ ವಾಡಿಕೆಯ ಬೆನಿಫಿಟ್ ಆಟ: ಆ ರಾತ್ರಿಯ ಕಲೆಕ್ಷನ್ನಿನಲ್ಲಿ ಮಂದಿರದ ಖರ್ಚು ಕಳೆದು ಉಳಿದದ್ದು ನಟನ ಪಾಲು. ದೊಡ್ಡ ನಾಟಕದ ಬೆನ್ನಿಗೆ ಪ್ರಹಸನವೋ ಪ್ಯಾಂಟೊಮೈಮೋ ಇರಲೇಬೇಕಿತ್ತು. ಮೂರನೇ ಅಂಕ ಮುಗಿದ ಮೇಲೆ ಬಂದವರಿಗೆ ಅರ್ಧ ದರ. 1763ರಲ್ಲಿ ಗ್ಯಾರಿಕ್ ಈ ರಿಯಾಯಿತಿ ತೆಗೆಯಹೋದಾಗ ಪ್ರೇಕ್ಷಕರು ಬೆಂಚುಗಳನ್ನು ಮುರಿದು ಹಾಕಿದರು. ಮಣಿಯದೆ ವಿಧಿಯಿರಲಿಲ್ಲ.

ಗುಬ್ಬಿ ವೀರಣ್ಣನವರ ದಾರಿಯೇ ಬೇರೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಗೆ 1917ರಲ್ಲಿ ಮಾಲೀಕರಾದ ಅವರು ‘ಸದಾರಮೆ’ಯಲ್ಲಿ ಮನೆಮಾತಾದದ್ದು ಕಳ್ಳನಾಗಿ. ಇದನ್ನು ಬರೀ ವಿನಯ ಎನ್ನಲಾರೆ. ನಾಯಕ ಹಾಡು, ಕಂದಗಳಿಗೆ ಕಟ್ಟುಬಿದ್ದವನು. ಹಾಸ್ಯಗಾರನಿಗೆ ಆ ಕಟ್ಟಿಲ್ಲ. ಒಳಗೆ ಯಾರದೋ ವೇಷ ಮುಗಿದಿಲ್ಲವೋ, ನಾಲ್ಕು ಮಾತು ಹೆಚ್ಚು ಎಳೆಯಬಹುದು. ಜನ ಆಕಳಿಸುತ್ತಿದ್ದಾರೋ, ಎರಡೇ ಮಾತಿಗೆ ಮುಗಿಸಬಹುದು. ರಂಗದ ಮೇಲಿದ್ದುಕೊಂಡೇ ಆಟದ ಕಡಿವಾಣ ಹಿಡಿಯಲು ಮಾಲೀಕನಿಗೆ ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರು ಅವರು. ಆನೆಗೆ ಪ್ರಾಂಪ್ಟ್ ಮಾಡಲಾಗದು ನೋಡಿ!

ಗ್ಯಾರಿಕ್‌ಗೆ ಇದ್ದದ್ದು ನಿಂತ ಮಂದಿರ. ವೀರಣ್ಣನವರದು ಊರೂರು ಕ್ಯಾಂಪು. ಪರದೆ, ಪೆಟ್ಟಿಗೆ, ಅಡುಗೆ ಪಾತ್ರೆಗಳ ಸಮೇತ ಇಡೀ ಸಂಸಾರ ಸಾಗಬೇಕು. ನನ್ನ ಅಂಕ ವೀರಣ್ಣನವರಿಗೇ ಹೆಚ್ಚು.

ಜಿ.ವಿ. ಅಯ್ಯರ್, ರಾಜಕುಮಾರ್ ಪಳಗಿದ್ದು ಈ ಕಂಪನಿಯಲ್ಲೇ. ಮನೆ ಬಿಟ್ಟು ಬಂದು ಸೇರಿದ ಬಿ.ವಿ. ಕಾರಂತರನ್ನಂತೂ ವೀರಣ್ಣನವರು ಎಂ.ಎ. ಓದಲು ಕಾಶಿಗೆ ಕಳಿಸಿದರು. ಹಾಡಬಲ್ಲ ಹುಡುಗನನ್ನು ಯಾವ ಮಾಲೀಕ ತಾನಾಗಿ ಬಿಟ್ಟುಕೊಡುತ್ತಾನೆ, ಹೇಳಿ!