ಗೋಡೆ ಬದಿಯ ಕುರ್ಚಿ: ‘ಔಟ್ ಟು ಸೀ’ ಮತ್ತು ಹಡಗಿನ ನೃತ್ಯ

ಮುಪ್ಪನ್ನು ಸಿನಿಮಾ ಹೇಗೆ ನೋಡುತ್ತದೆ ಎಂಬುದು ನನ್ನ ಸಂಶೋಧನೆಯ ವಿಷಯ. ಹಾಗಾಗಿ ಹಗುರವೆಂದು ಬದಿಗಿಡುವ ಚಿತ್ರಗಳನ್ನೂ ಕೂತು ನೋಡಬೇಕಾಗುತ್ತದೆ. ಮಾರ್ಥಾ ಕೂಲಿಜ್ ನಿರ್ದೇಶನದ ‘ಔಟ್ ಟು ಸೀ’ (1997) ಅಂಥದೊಂದು ಅಮೆರಿಕನ್ ಹಾಸ್ಯಚಿತ್ರ. ಅದರಲ್ಲೊಂದು ಐಷಾರಾಮಿ ಪ್ರವಾಸಿ ಹಡಗಿದೆ, ಸಂಜೆಯ ಬಾಲ್‌ರೂಮ್ ನೃತ್ಯವಿದೆ, ಸುಳ್ಳು ಹೇಳುವ ಮುದುಕರಿದ್ದಾರೆ. ನಗು ಮುಗಿದ ಮೇಲೆ ನನ್ನಲ್ಲಿ ಉಳಿದದ್ದು ಒಂದು ಪ್ರಶ್ನೆ: ಈ ನೃತ್ಯ ಯಾರಿಗಾಗಿ ನಡೆಯುತ್ತಿದೆ?

ಚಾರ್ಲಿ (ವಾಲ್ಟರ್ ಮ್ಯಾಥೋ) ಜೂಜುಕೋರ. ಅವನ ಭಾವ ಹರ್ಬ್ (ಜ್ಯಾಕ್ ಲೆಮನ್) ಹೆಂಡತಿಯನ್ನು ಕಳೆದುಕೊಂಡ ದುಃಖದಿಂದ ಇನ್ನೂ ಹೊರಬಂದಿಲ್ಲ. ವಿಹಾರವೆಂದು ನಂಬಿಸಿ ಚಾರ್ಲಿ ಅವನನ್ನು ಹಡಗು ಹತ್ತಿಸುತ್ತಾನೆ. ಹತ್ತಿದ ಮೇಲೆ ನಿಜ ಬಯಲಾಗುತ್ತದೆ: ಇಬ್ಬರೂ ಅಲ್ಲಿ ಪ್ರವಾಸಿಗರಲ್ಲ, ಡಾನ್ಸ್ ಹೋಸ್ಟ್‌ಗಳು. ಜೊತೆಗಾರರಿಲ್ಲದೆ ಬಂದ ಮಹಿಳೆಯರೊಂದಿಗೆ ಕುಣಿಯುವುದು ಅವರ ಕೆಲಸ. ಮಲಗಲು ಹಡಗಿನ ತಳದಲ್ಲೊಂದು ಕೋಣೆ. ಚಾರ್ಲಿಗೋ ಕುಣಿಯಲು ಬರುವುದೇ ಇಲ್ಲ. ಅದೇ ವರ್ಷ ಬಂದ ‘ಟೈಟಾನಿಕ್’ನಲ್ಲಿ ಹಡಗಿನ ಕೆಳಗಿನ ಅಂತಸ್ತು ಎಂದರೆ ಮೂರನೇ ದರ್ಜೆಯವರು ಮನಸಾರೆ ಕುಣಿಯುವ ಜಾಗ. ಇಲ್ಲಿ ಅದು ಕುಣಿದು ದಣಿದ ಕೆಲಸಗಾರ ಮಲಗುವ ಜಾಗ.

ಇದು ಚಿತ್ರಕಥೆಗಾಗಿ ಹುಟ್ಟಿಸಿದ ಹುದ್ದೆಯಲ್ಲ. ಪ್ರವಾಸಿ ಹಡಗುಗಳಲ್ಲಿ ಇಂಥವರು ನಿಜವಾಗಿಯೂ ಕೆಲಸ ಮಾಡುತ್ತಾರೆ. ಕ್ಯೂನಾರ್ಡ್ ಕಂಪನಿಯ ‘ಕ್ವೀನ್ ಮೇರಿ 2’ ಹಡಗಿನಲ್ಲಿ ಕ್ವೀನ್ಸ್ ರೂಮ್ ಎಂಬ ದೊಡ್ಡ ನೃತ್ಯಶಾಲೆಯೇ ಇದೆ. ಒಬ್ಬಳೊಂದಿಗೇ ಪದೇಪದೇ ಕುಣಿಯಬಾರದು, ಎಲ್ಲರಿಗೂ ಸರದಿ ಸಿಗಬೇಕು, ಪ್ರಣಯಕ್ಕೆ ಇಳಿಯಬಾರದು ಎಂಬುದು ಈ ವೃತ್ತಿಯ ಸಾಮಾನ್ಯ ನಿಯಮ. ಇಂಥ ಹುದ್ದೆ ಯಾಕೆ ಬೇಕಾಯಿತೆಂದು ತಿಳಿಯಲು ಬಾಲ್‌ರೂಮ್ ನೃತ್ಯದ ಕಟ್ಟನ್ನೇ ನೋಡಬೇಕು. ವಾಲ್ಟ್ಸ್‌ನ ಮೂರರ ಎಣಿಕೆಯಾಗಲಿ, ಫಾಕ್ಸ್‌ಟ್ರಾಟ್‌ನ ಜಾರುನಡೆಯಾಗಲಿ, ಇಬ್ಬರಿದ್ದರೆ ಮಾತ್ರ ಕೂಡಿಬರುತ್ತದೆ. ಸಂಪ್ರದಾಯದಂತೆ ಗಂಡಸು ಕರೆಯಬೇಕು, ಗಂಡಸೇ ನಡೆಸಬೇಕು. ಗರ್ಬಾದ ವೃತ್ತದೊಳಗೆ ಒಬ್ಬಳೇ ಹೋಗಿ ಸೇರಿಕೊಳ್ಳಬಹುದು. ವಾಲ್ಟ್ಸ್‌ಗೆ ಹಾಗೆ ಆಗುವುದಿಲ್ಲ. ನಲವತ್ತು ವರ್ಷ ಕುಣಿದು ಪಳಗಿದ ಹೆಂಗಸಾದರೂ ಗಂಡ ತೀರಿಕೊಂಡ ಮೇಲೆ ಗೋಡೆ ಬದಿಯ ಕುರ್ಚಿಯಲ್ಲಿ ಕೂತು ಕಾಯಬೇಕು. ಹೋಸ್ಟ್ ಬರುವುದು ಆ ಕುರ್ಚಿಯ ಬಳಿಗೆ.

ಕೂಲಿಜ್ ಚಿತ್ರ ಈ ಕುರ್ಚಿಯ ಹತ್ತಿರ ಬಂದು ಪಕ್ಕಕ್ಕೆ ಸರಿಯುತ್ತದೆ. ಕಾಯುವ ಹೆಂಗಸರು ಬಹುಪಾಲು ಹಿನ್ನೆಲೆಯಾಗಿಯೇ ಉಳಿಯುತ್ತಾರೆ. ಹಡಗಿನ ಒಡತಿಯೊಂದಿಗೆ ಕುಣಿಯುವುದು ಚಾರ್ಲಿಯ ಪಾಲಿಗೆ ಶಿಕ್ಷೆ, ನಮ್ಮ ಪಾಲಿಗೆ ನಗು. ಅವನು ಬೆನ್ನುಹತ್ತುವ ಲಿಜ್ ಪಾತ್ರದ ಡಯಾನ್ ಕ್ಯಾನನ್ ಹುಟ್ಟಿದ್ದು 1937ರಲ್ಲಿ, ಮ್ಯಾಥೋ 1920ರಲ್ಲಿ. ಹಡಗಿನ ಇನ್ನೊಬ್ಬ ಹೋಸ್ಟ್ ಆಗಿ ‘ಸಿಂಗಿಂಗ್ ಇನ್ ದಿ ರೇನ್’ ಖ್ಯಾತಿಯ ಡೊನಾಲ್ಡ್ ಓಕಾನರ್ ಇದ್ದಾನೆ. ಎಪ್ಪತ್ತು ದಾಟಿದ ಗಂಡಸಿನ ಹೆಜ್ಜೆಗೆ ಮರ್ಯಾದೆ ಕೊಡುವ ಚಿತ್ರ, ಆ ಹೆಜ್ಜೆಗಾಗಿ ಕಾದವಳ ಕಡೆ ಅಷ್ಟೇ ಗಮನ ಕೊಡುವುದಿಲ್ಲ. ನಿರ್ದೇಶಕಿ ಹೆಣ್ಣು ಎಂಬ ಕಾರಣಕ್ಕೆ ಈ ಕೊರತೆ ನನ್ನನ್ನು ಇನ್ನಷ್ಟು ಕಾಡಿತು.

ಆದರೂ ಚಿತ್ರವನ್ನು ಪೂರ್ತಿ ತಳ್ಳಿಹಾಕಲಾರೆ. ಹರ್ಬ್ ಮತ್ತು ವಿವಿಯನ್ ಇದ್ದಾರೆ. ವಿವಿಯನ್ ಪಾತ್ರದ ಗ್ಲೋರಿಯಾ ಡಿಹೇವನ್ ಲೆಮನ್ ಹುಟ್ಟಿದ 1925ರಲ್ಲೇ ಹುಟ್ಟಿದವಳು. ಆ ಪಾತ್ರವೂ ವಿಧವೆ. ಸತ್ತ ಹೆಂಡತಿಯ ನೆನಪು ಹರ್ಬ್‌ನನ್ನು ತಡೆಯುತ್ತದೆ. ಹತ್ತಿರವಾಗುವುದು ದ್ರೋಹವೋ, ಬದುಕೋ ಎಂದು ಅವನಿಗೆ ತಿಳಿಯುವುದಿಲ್ಲ. ಲೆಮನ್‌ನ ಮುಖದಲ್ಲಿ ಈ ಹಿಂಜರಿಕೆ ಮಾತಿಗಿಂತ ಚೆನ್ನಾಗಿ ಕಾಣುತ್ತದೆ. ವಿವಿಯನ್ ಮಾತ್ರ ಅವನನ್ನು ವೈದ್ಯನೆಂದು ತಿಳಿದಿರುತ್ತಾಳೆ. ಗೊಂದಲದ ಹಾಸ್ಯಕ್ಕಾಗಿ ಹೆಣೆದ ಈ ಸುಳ್ಳಿನಲ್ಲಿ ಚಿತ್ರ ತನಗರಿವಿಲ್ಲದೆಯೇ ದೊಡ್ಡದೊಂದನ್ನು ಹೇಳಿಬಿಡುತ್ತದೆ: ವಯಸ್ಸಾದ ದೇಹವನ್ನು ಮುಟ್ಟಲು ವೈದ್ಯನಿಗೆ ಗೌರವದ ಪರವಾನಗಿಯಿದೆ, ಸಂಬಳಕ್ಕೆ ಕುಣಿಯುವವನಿಗಿಲ್ಲ.

ಇಲ್ಲಿ ನನಗೆ ನನ್ನ ಅಜ್ಜಿ ನೆನಪಾದಳು. ಅಜ್ಜ ಹೋದ ಮೇಲೆ ಅವಳ ಕೈ ಹಿಡಿದವರು ರಸ್ತೆ ದಾಟಿಸುವ ಮೊಮ್ಮಕ್ಕಳು, ನಾಡಿ ನೋಡುವ ಡಾಕ್ಟರು, ಇಷ್ಟೇ. ಅವಳಿಗೆ ಯಾವ ಕೊರತೆಯೂ ಇಲ್ಲವೆಂದು ಮನೆಯವರೆಲ್ಲ ಹೇಳುತ್ತಿದ್ದೆವು. ಕಾಳಜಿಯ ಸ್ಪರ್ಶಕ್ಕೂ ಸಂತೋಷದ ಸ್ಪರ್ಶಕ್ಕೂ ವ್ಯತ್ಯಾಸವಿದೆ. ವಾಲ್ಟ್ಸ್‌ನಲ್ಲಿ ಬೆನ್ನ ಮೇಲಿಟ್ಟ ಅಂಗೈ ಎರಡನೆಯದಕ್ಕೆ ಸೇರಿದ್ದು. ಅದಕ್ಕೆ ನಿಯಮವಿದೆ, ಹಾಡು ಮುಗಿದೊಡನೆ ಕೊನೆಯಿದೆ. ಹಣ ಕೊಟ್ಟ ಪ್ರವಾಸದಲ್ಲಿ ದೊರೆತದ್ದು ಎಂಬ ಕಾರಣಕ್ಕೆ ಅದನ್ನು ನಕಲಿ ಎಂದು ತಳ್ಳಿಹಾಕುವುದು ನನಗೆ ಸುಲಭವಾಗಿ ಕಾಣುತ್ತಿಲ್ಲ. ಆ ಮೂರು ನಿಮಿಷ ಅವಳ ಹೆಜ್ಜೆ ಅವಳದೇ ತಾನೆ?

‘ಔಟ್ ಟು ಸೀ’ ಹೋಸ್ಟ್‌ನ ಕಷ್ಟವನ್ನು ಕಂಡಿತು, ಅವನ ಚಾಲಾಕಿಯನ್ನು ಮೆಚ್ಚಿತು. ಹಾಡು ನಿಂತ ಮೇಲೆ ಒಬ್ಬ ಹೆಂಗಸಿನೊಂದಿಗೆ ಅವಳ ಕುರ್ಚಿಯ ತನಕ ಕ್ಯಾಮೆರಾ ನಡೆದುಹೋಗಿದ್ದರೆ ಸಾಕಿತ್ತು, ಅದು ಬೇರೆಯೇ ಚಿತ್ರವಾಗುತ್ತಿತ್ತು.