ತೊಟ್ಟಿ, ಮೀನು ಮತ್ತು ಉಪದೇಶ: ತುಮಕೂರು ಸೀಮೆಯ ಒಂದು ಸೊಳ್ಳೆ ಪ್ರಯೋಗದ ವಿಮರ್ಶೆ

ಕುಣಿಗಲಿನ ಕೆರೆಯನ್ನು ಕೊಂಡಾಡುವ ಜನಪದ ಗೀತೆಯನ್ನು ಕೇಳದ ಕನ್ನಡಿಗರು ವಿರಳ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಶಿಂಷೆಗೆ ಅಡ್ಡಲಾಗಿ ಕಟ್ಟಿದ ಕೆರೆ, ತುಮಕೂರು ನಗರದ ಅಮಾನಿಕೆರೆ, ಇವೆಲ್ಲವನ್ನೂ ನೆಚ್ಚಿಯೇ ಈ ಸೀಮೆಯ ಬಾಳು ಬೆಳೆದುಬಂದಿದೆ. ಅದರಿಂದಲೋ ಏನೋ, ಸೊಳ್ಳೆಯಿಂದ ಹರಡುವ ಜ್ವರಗಳ ಮಾತು ಬಂದೊಡನೆ ನಮ್ಮ ತರಗತಿಗಳಲ್ಲಿಯೂ ಮೊದಲ ಆರೋಪ ಬೀಳುವುದು ಕೆರೆಯ ಮೇಲೆ. ಈ ಆರೋಪ ಬಹುಮಟ್ಟಿಗೆ ಅನ್ಯಾಯವಾದುದು. ಗಾಳಿಗೆ ಅಲೆಯೇಳುವ, ಮೀನುಗಳಿಂದ ತುಂಬಿದ ವಿಶಾಲವಾದ ನೀರಿನಲ್ಲಿ ಸೊಳ್ಳೆಯ ಮರಿಹುಳು ಸುಲಭವಾಗಿ ಬದುಕಲಾರದು. ಬಯಲುಸೀಮೆಯಲ್ಲಿ ಮಲೇರಿಯಾವನ್ನು ಮುಖ್ಯವಾಗಿ ಹರಡುವ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬುದು ಬಾವಿ, ಕಾಲುವೆ, ಹೊಳೆಯ ಪಾತ್ರದಲ್ಲಿ ನಿಂತ ತಿಳಿನೀರಿನ ಗುಂಡಿಗಳನ್ನು ಬಯಸುತ್ತದೆ. ಡೆಂಗಿ ಮತ್ತು ಚಿಕೂನ್‌ಗುನ್ಯಗಳನ್ನು ಹರಡುವ ಈಡಿಸ್ ಈಜಿಪ್ಟೈ ಇನ್ನೂ ಹತ್ತಿರದ್ದು. ಅದು ಮನೆಯೊಳಗಿನ ತೊಟ್ಟಿಯಲ್ಲಿಯೇ ಹುಟ್ಟುತ್ತದೆ. ಕೆರೆಯನ್ನು ದೂರುವುದು ಸುಲಭ. ಬಚ್ಚಲುಮನೆಯ ತೊಟ್ಟಿಯನ್ನು ವಿಚಾರಿಸುವುದು ಕಷ್ಟ. ಈ ಕಷ್ಟವನ್ನು ತುಮಕೂರು ಜಿಲ್ಲೆಯಲ್ಲಿಯೇ ಎದುರಿಸಿದ ಒಂದು ಪ್ರಯೋಗವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಅದಕ್ಕೆ ಮುನ್ನ ಹಿಂದಿನ ಪ್ರಯತ್ನಗಳನ್ನು ಸ್ವಲ್ಪ ನೋಡಬೇಕು.

ಮನೆಯ ನೀರಿನ ಪಾತ್ರೆಯೊಂದಿಗೆ ವೈದ್ಯನೊಬ್ಬ ಹೋರಾಡಿದ ಕಥೆ ನಮಗೆ ತೀರ ಸಮೀಪದ ಬೆಂಗಳೂರಿನಲ್ಲಿಯೇ ದೊರೆಯುತ್ತದೆ. 1883ರ ಸುಮಾರಿಗೆ ಅಲ್ಲಿನ ದಂಡಿನಲ್ಲಿದ್ದ ಯುವಕ ರೊನಾಲ್ಡ್ ರಾಸ್, ತನ್ನ ಕೊಠಡಿಯಲ್ಲಿ ಇತರರ ಕೊಠಡಿಗಳಿಗಿಂತ ಹೆಚ್ಚು ಸೊಳ್ಳೆಗಳಿರುವುದನ್ನು ಕಂಡು ಹುಡುಕಿದಾಗ, ಕಿಟಕಿಯ ಕೆಳಗೆ ಇರಿಸಿದ್ದ ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ತೇಲುತ್ತಿದ್ದುವು. ತೊಟ್ಟಿಯನ್ನು ಬೋರಲು ಹಾಕಿದ ಮೇಲೆ ಸೊಳ್ಳೆ ಇಳಿಯಿತು. ದಂಡಿನ ಭೋಜನಶಾಲೆಯಲ್ಲಿಯೂ ಹಾಗೆಯೇ ಮಾಡೋಣವೆಂದರೆ, ಅಲ್ಲಿನ ಅಧಿಕಾರಿ ಅದು ಸೃಷ್ಟಿಕ್ರಮವನ್ನು ಕೆಡಿಸಿದಂತಾಗುವುದೆಂದು ನಿರಾಕರಿಸಿದನಂತೆ. ರಾಸ್ ತನ್ನ ಆತ್ಮಕಥೆಯಲ್ಲಿ ಇದನ್ನು ಹೇಳಿಕೊಂಡಿದ್ದಾನೆ. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು ಅವನು ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರ ಆಗಸ್ಟ್ 20ರಂದು. ಹದಿನಾಲ್ಕು ವರ್ಷಗಳ ಹಿಂದಿನ ಬೆಂಗಳೂರಿನ ಪ್ರಸಂಗದಲ್ಲಿ ನಾವು ಗಮನಿಸತಕ್ಕದ್ದು ಬೇರೆ: ಓದುಬರಹ ಬಲ್ಲ ದಂಡಿನ ಅಧಿಕಾರಿಯೂ ಕೇವಲ ಮಾತಿನಿಂದ ತೊಟ್ಟಿಯನ್ನು ಬಿಟ್ಟುಕೊಡಲಿಲ್ಲ.

ಮೈಸೂರು ಸಂಸ್ಥಾನವು 1920ರ ದಶಕದ ಕೊನೆಯಲ್ಲಿ ರಾಕೆಫೆಲರ್ ಪ್ರತಿಷ್ಠಾನದ ಸಹಕಾರದಿಂದ ಮಲೇರಿಯಾದ ವ್ಯವಸ್ಥಿತ ಅಧ್ಯಯನಕ್ಕೆ ಕೈಹಾಕಿತು. ಮಲೆನಾಡಿನ ಮೂಡಿಗೆರೆಯಲ್ಲಿಯೂ ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿಯಲ್ಲಿಯೂ ಕೇಂದ್ರಗಳು ನಡೆದುವು. ಒಂದು ಮಲೆಯ ತೊರೆಗಳ ಸೀಮೆ, ಇನ್ನೊಂದು ನಾಲೆಯ ಸೀಮೆ. ಬಾವಿ ಮತ್ತು ಕೆರೆಗಳ ತುಮಕೂರಿಗೆ ಈ ಎರಡು ಮಾದರಿಗಳಲ್ಲಿ ಯಾವುದೂ ಪೂರ್ತಿಯಾಗಿ ಒಪ್ಪುವುದಿಲ್ಲ. ಈ ಕಾಲದ ಸಂಶೋಧನೆಯಲ್ಲಿ ನಮ್ಮ ದೃಷ್ಟಿಗೆ ಅತ್ಯಂತ ಬೆಲೆಯುಳ್ಳದ್ದು ಡಬ್ಲ್ಯು. ಸಿ. ಸ್ವೀಟ್ ಮತ್ತು ಬಿ. ಎ. ರಾವ್ ಅವರು 1937ರಲ್ಲಿ ಪ್ರಕಟಿಸಿದ ಲೇಖನ. ಅನಾಫಿಲಿಸ್ ಸ್ಟೀಫೆನ್ಸೈ ಎಂಬ ಒಂದೇ ಹೆಸರಿನ ಸೊಳ್ಳೆಯಲ್ಲಿ ಎರಡು ಬಗೆಗಳುಂಟೆಂಬುದನ್ನು ಅವರು ಮೊಟ್ಟೆಯ ಮೇಲಿನ ಗೆರೆಗಳ ಎಣಿಕೆಯಿಂದ ತೋರಿಸಿದರು. ಒಂದಕ್ಕೆ ಮೈಸೂರಿನ ಹೆಸರೇ ಉಳಿದಿದೆ. ಊರಿನ ಹೆಸರು ಹೊತ್ತ ಆ ಮೈಸೊರೆನ್ಸಿಸ್ ಹೆಚ್ಚಾಗಿ ದನಕರುಗಳ ರಕ್ತವನ್ನು ಕುಡಿಯುವುದರಿಂದ ಸಾಮಾನ್ಯವಾಗಿ ರೋಗವನ್ನು ಹರಡುವುದರಲ್ಲಿ ದುರ್ಬಲ. ನಗರಗಳಲ್ಲಿ ಅಪಾಯಕಾರಿಯಾದದ್ದು ಅದರ ಸೋದರ ಬಗೆ. ಸೊಳ್ಳೆಗಳನ್ನೆಲ್ಲ ಒಂದೇ ಸಮನಾಗಿ ಶಪಿಸುವುದನ್ನು ಬಿಟ್ಟು, ಯಾವ ಸೊಳ್ಳೆ, ಯಾವ ನೀರು ಎಂದು ಕೇಳುವ ಶಿಸ್ತು ಈ ಲೇಖನದಲ್ಲಿದೆ.

ಡಿಡಿಟಿ ಬಂದ ಮೇಲೆ ಈ ಶಿಸ್ತು ಸಡಿಲವಾಯಿತು. 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ 1958ರಲ್ಲಿ ಅದು ಪಡೆದ ನಿರ್ಮೂಲನದ ರೂಪವೂ ಅದ್ಭುತವಾದ ಫಲವನ್ನು ಕೊಟ್ಟುವೆಂಬುದರಲ್ಲಿ ಸಂಶಯವಿಲ್ಲ. 1965ರ ವೇಳೆಗೆ ದೇಶದ ರೋಗಿಗಳ ಸಂಖ್ಯೆ ಒಂದು ಲಕ್ಷದಷ್ಟಕ್ಕೆ ಇಳಿಯಿತು. 1976ರಲ್ಲಿ ಅದು ಮತ್ತೆ 64 ಲಕ್ಷಕ್ಕೆ ಏರಿತು. ಡಿಡಿಟಿಯ ಪದ್ಧತಿಯು ಮನೆಯವರಿಂದ ಕೇಳುತ್ತಿದ್ದುದು ಇಷ್ಟೇ: ಬಾಗಿಲು ತೆರೆದು ಗೋಡೆಯನ್ನು ಬಿಟ್ಟುಕೊಡಿ. ಮನೆಯವರ ನೀರಿನ ವ್ಯವಹಾರವನ್ನು ಅದು ಮುಟ್ಟಲಿಲ್ಲ. ಆದುದರಿಂದ 2006ರಲ್ಲಿ, ಸುಮಾರು ಮೂರು ದಶಕಗಳ ಮೌನದ ಅನಂತರ ಚಿಕೂನ್‌ಗುನ್ಯ ಮರಳಿ ಬಂದಾಗ ನಮ್ಮಲ್ಲಿ ಸಿದ್ಧವಾದ ಉಪಾಯವೇ ಇರಲಿಲ್ಲ. ಆ ವರ್ಷ ದೇಶದಲ್ಲಿ ವರದಿಯಾದ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು. (ಹೆಸರಿನ ಧ್ವನಿಯನ್ನು ನಂಬಿ ಕೋಳಿಮಾಂಸವನ್ನು ಬಿಟ್ಟವರೂ ಉಂಟು, ಆ ಪದ ಪೂರ್ವ ಆಫ್ರಿಕದ ಮಕೊಂಡೆ ಭಾಷೆಯದು, ಕೀಲುನೋವಿನಿಂದ ಬಾಗಿಹೋಗುವುದೆಂಬ ಅರ್ಥದ್ದು.)

ಈ ಸಂದರ್ಭದಲ್ಲಿ ಎಸ್. ಕೆ. ಘೋಷ್ ಮತ್ತು ಅವರ ಸಹೋದ್ಯೋಗಿಗಳು ತುಮಕೂರು ಜಿಲ್ಲೆಯ ದೊಮ್ಮಟಮರಿ, ಶ್ರೀನಿವಾಸಪುರ ಎಂಬ ಎರಡು ಹಳ್ಳಿಗಳಲ್ಲಿಯೂ ಕೋಲಾರ ಜಿಲ್ಲೆಯ ಬಾಲಮಂದೆಯಲ್ಲಿಯೂ ನಡೆಸಿ, 2011ರಲ್ಲಿ ಪ್ರಕಟಿಸಿದ ಪ್ರಯೋಗವೇ ನಮ್ಮ ವಿಮರ್ಶೆಯ ವಸ್ತು. ಮನೆಯೊಳಗಿನ ಸಿಮೆಂಟು ತೊಟ್ಟಿಗಳಿಗೆ ತುಮಕೂರಿನ ಹಳ್ಳಿಗಳಲ್ಲಿ ಗಪ್ಪಿ ಮೀನನ್ನು, ಕೋಲಾರದಲ್ಲಿ ಗ್ಯಾಂಬೂಸಿಯಾ ಮೀನನ್ನು ಬಿಡಲಾಯಿತು. ದೊಮ್ಮಟಮರಿಯಲ್ಲಿ ಮೊದಲು ಬರಿಯ ಆರೋಗ್ಯಬೋಧನೆ, ಅನಂತರ ಬೋಧನೆಯೊಂದಿಗೆ ಮೀನು; ಶ್ರೀನಿವಾಸಪುರದಲ್ಲಿ ಬೋಧನೆಯಿಲ್ಲದೆ ಮೀನು. ಈಡಿಸ್ ಮರಿಹುಳುಗಳ ನೆಲೆಗಳಲ್ಲಿ ಶೇಕಡ 86.9 ಈ ತೊಟ್ಟಿಗಳೇ ಆಗಿದ್ದುವು. ಜ್ವರಕ್ಕೂ ಸೊಳ್ಳೆಗೂ ಸಂಬಂಧವುಂಟೆಂದು ಮೊದಲು ತಿಳಿದಿದ್ದವರು ಶೇಕಡ 18 ಮಾತ್ರ. ಬೋಧನೆಯ ಬಳಿಕ ಬಹುತೇಕ ಎಲ್ಲರೂ ತಿಳಿದರು. ಆದರೆ ತಿಳಿವಳಿಕೆ ಒಂದರಿಂದಲೇ ಮರಿಹುಳುಗಳು ನೆಚ್ಚಬಹುದಾದಷ್ಟು ಕಡಮೆಯಾಗಲಿಲ್ಲ. ಮೀನು ಬಿಟ್ಟ ವಾರದೊಳಗೆ ಮೂರು ಊರುಗಳಲ್ಲಿಯೂ ಕಡಮೆಯಾದುವು. ತಿಂಗಳಾದ ಮೇಲೆ ಆ ಫಲ ಹೆಚ್ಚು ನಿಂತದ್ದು ದೊಮ್ಮಟಮರಿಯಲ್ಲಿ.

ಈ ಫಲಿತಾಂಶವನ್ನು ನಮ್ಮ ಆರೋಗ್ಯಪತ್ರಿಕೆಗಳ ಗದ್ಯದ ಪಕ್ಕದಲ್ಲಿರಿಸಿ ಓದಬೇಕು. ಅಲ್ಲಿ ಹಳ್ಳಿಗನ ಅಜ್ಞಾನವೇ ರೋಗದ ಮೂಲ, ಉಪದೇಶವೇ ಔಷಧ. ದೊಮ್ಮಟಮರಿಯಲ್ಲಿ ಅಜ್ಞಾನ ಕೆಲವು ದಿನಗಳಲ್ಲಿ ತೊಲಗಿತು, ಸೊಳ್ಳೆ ತೊಲಗಲಿಲ್ಲ. ಕಾರಣ ಸ್ಪಷ್ಟವಾಗಿದೆ. ನೀರು ಯಾವಾಗ ಬರುವುದೋ ತಿಳಿಯದ ಮನೆಯವರಿಗೆ ತುಂಬಿದ ತೊಟ್ಟಿಯನ್ನು ಬರಿದುಮಾಡೆಂದು ಹೇಳುವುದು ಕಣಜವನ್ನು ಬರಿದುಮಾಡೆಂದು ಹೇಳಿದಂತೆ. ಮೀನಾದರೋ ನೀರನ್ನು ಚೆಲ್ಲಲು ಹೇಳುವುದಿಲ್ಲ. 1901ರಲ್ಲಿ ಹವಾನಾ ನಗರದ ಮನೆಮನೆಯ ನೀರಿನ ಪಾತ್ರೆಗಳನ್ನು ಪರೀಕ್ಷಿಸಿ ಹಳದಿಜ್ವರವನ್ನು ಅಡಗಿಸಿದ ಗೋರ್ಗಾಸನ ಹಿಂದೆ ಸೈನಿಕ ಆಡಳಿತದ ಜುಲ್ಮಾನೆ ಇತ್ತು. ಅದು ನಮಗೆ ಒಪ್ಪುವ ದಾರಿಯಲ್ಲ.

ಆದರೂ ಈ ಪ್ರಯೋಗದ ಒಂದು ಹೇಳಿಕೆಯನ್ನು ನಾವು ಒಪ್ಪಲಾರೆವು. ಮೀನು ಬಿಟ್ಟ ಮೇಲೆ ರೋಗಪ್ರಕರಣಗಳು ದೊಮ್ಮಟಮರಿಯಲ್ಲಿ ಶೇಕಡ 99.87ರಷ್ಟೂ ಶ್ರೀನಿವಾಸಪುರದಲ್ಲಿ 65.48ರಷ್ಟೂ ಇಳಿದುವೆಂದು ಲೆಕ್ಕ ಕೊಟ್ಟಿದೆ. ಊರಿನ ಬಹುಮಂದಿಯನ್ನು ಒಮ್ಮೆ ಮಲಗಿಸಿದ ಚಿಕೂನ್‌ಗುನ್ಯ ಅವರಲ್ಲಿ ರೋಗನಿರೋಧ ಬೆಳೆದಂತೆ ತಾನಾಗಿಯೇ ಇಳಿಯುತ್ತದೆ. ಮೂರು ಊರುಗಳಲ್ಲಿಯೂ ಮೀನು ಬಿಟ್ಟಿರುವಾಗ, ಮೀನಿಲ್ಲದ ಊರಿನಲ್ಲಿ ಜ್ವರ ಎಷ್ಟು ಇಳಿಯುತ್ತಿತ್ತೆಂದು ತಿಳಿಯುವುದು ಹೇಗೆ? ಮರಿಹುಳುಗಳ ಲೆಕ್ಕವನ್ನು ನಂಬಬಹುದು. ಜ್ವರದ ಲೆಕ್ಕಕ್ಕೆ ಎರಡು ದಶಮಾಂಶಗಳ ನಿಖರತೆ ಸಲ್ಲದು. ಗಪ್ಪಿಯೂ ಗ್ಯಾಂಬೂಸಿಯಾವೂ ಹೊರನಾಡಿನ ಮೀನುಗಳೆಂಬುದನ್ನೂ ಮರೆಯಬಾರದು. ಮುಚ್ಚಿದ ಮನೆಯ ತೊಟ್ಟಿಯಲ್ಲಿ ಅವು ಉಪಕಾರಿ. ಕುಣಿಗಲ್ ಕೆರೆಗೋ ಕಡಬದ ಕೆರೆಗೋ ಸೇರಿದರೆ ನಾಡಮೀನುಗಳಿಗೆ ಕಂಟಕ.

ಬೋಧನೆಯಿಂದ ಏನೂ ಆಗದೆಂದು ನಾವು ಹೇಳುತ್ತಿಲ್ಲ. ಎರಡು ತುಮಕೂರು ಹಳ್ಳಿಗಳ ತಿಂಗಳ ಕೊನೆಯ ಅಂತರವನ್ನು ನೋಡಿದರೆ, ಮೀನು ಕೈಗೆ ಬಂದ ಮೇಲೆ ಮಾತಿಗೂ ಬೆಲೆ ಬಂದಂತೆ ತೋರುತ್ತದೆ. ತೊಟ್ಟಿಯನ್ನು ಉಜ್ಜಿ ತೊಳೆಯುವ ದಿನ ಮೀನುಗಳನ್ನು ಬಿಂದಿಗೆಗೆ ಎತ್ತಿಡದಿದ್ದರೆ ಅವು ಬಚ್ಚಲಿನ ಪಾಲು. ಎತ್ತಿಡಬೇಕಾದವರು ನಮ್ಮ ಮನೆಗಳಲ್ಲಿ ಬಹುಶಃ ಹೆಂಗಸರು; ಅವರಿಗೆ ಅದು ದಿನದ ಕೆಲಸಗಳ ಮೇಲೆ ಇನ್ನೊಂದು ಕೆಲಸ. ತುಮಕೂರು ನಗರಕ್ಕೆ ಹೇಮಾವತಿಯ ನೀರು ಬುಗುಡನಹಳ್ಳಿಯ ಮೂಲಕ ಬಂದಿದೆ, ಆದರೆ ಮನೆಗಳಲ್ಲಿ ಸಂಪು, ಪೀಪಾಯಿಗಳು ಹೋಗಿಲ್ಲ. ಗುಬ್ಬಿ, ಕುಣಿಗಲ್‌ಗಳಿಂದ ಬರುವ ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಲ್ಲಿ ನೀರು ಎಷ್ಟು ದಿನಗಳಿಗೊಮ್ಮೆ ಬರುತ್ತದೆ, ತೊಟ್ಟಿಯನ್ನು ಯಾರು, ಎಷ್ಟು ದಿನಕ್ಕೊಮ್ಮೆ ತೊಳೆಯುತ್ತಾರೆ ಎಂಬುದನ್ನು ಒಂದು ವರ್ಷ ಕಾಲ ಬರೆದಿಟ್ಟರೆ, ಮುಂದಿನ ಸಂಚಿಕೆಯಲ್ಲಿ ಅದನ್ನು ಈ ಪ್ರಯೋಗದ ಅಂಕಿಗಳೊಂದಿಗೆ ಹೋಲಿಸಿ ನೋಡಬಹುದು.