'ಯುಲಿಸಿಸ್' ಕಾದಂಬರಿಯ ರೀತಿವೈಚಿತ್ರ್ಯವೂ ಪ್ರಾಚೀನಕಥಾಚ್ಛಾಯೆಯೂ

ಐರ್ಲೆಂಡಿನ ಜೇಮ್ಸ್ ಜಾಯ್ಸನು ರಚಿಸಿದ 'ಯುಲಿಸಿಸ್' ಎಂಬ ಕಾದಂಬರಿಯು 1922ನೆಯ ಇಸವಿ ಫೆಬ್ರವರಿ 2ರಂದು ಪ್ಯಾರಿಸ್ ನಗರದಲ್ಲಿ ಪ್ರಕಟವಾಯಿತು. 1904ನೆಯ ಜೂನ್ 16ರ ಬೆಳಗಿನಿಂದ ಮರುದಿನದ ನಸುಕಿನವರೆಗೆ ಡಬ್ಲಿನ್ ಪಟ್ಟಣದಲ್ಲಿ ನಡೆದುದಿಷ್ಟೇ ಅದರ ವಸ್ತು. ನಾಯಕನಾದ ಲಿಯೊಪೋಲ್ಡ್ ಬ್ಲೂಮನು ಪತ್ರಿಕೆಗೆ ಜಾಹೀರಾತುಗಳನ್ನು ಒದಗಿಸಿ ಜೀವಿಸುವ ಸಾಮಾನ್ಯ ಗೃಹಸ್ಥನು. ಇಂಥವನ ಕಥೆಗೆ ಹೋಮರನ ಮಹಾವೀರನ ಹೆಸರನ್ನಿಟ್ಟುದು ಏತಕ್ಕೆ?

ಗ್ರಂಥದ ಹದಿನೆಂಟು ಪ್ರಕರಣಗಳಿಗೂ ಹೋಮರನ ಸಂದರ್ಭಗಳಿಂದ ಆಯ್ದ ಹೆಸರುಗಳುಂಟು. ಆದರೆ ಜಾಯ್ಸನು ಅವುಗಳನ್ನು ಮಿತ್ರರಿಗೆ ಕೊಟ್ಟ ಪಟ್ಟಿಯಲ್ಲಿ ಸೂಚಿಸಿದನೇ ಹೊರತು ಅಚ್ಚಾದ ಪುಸ್ತಕದಲ್ಲಿ ಇಡಲಿಲ್ಲ. 1930ರಲ್ಲಿ ಸ್ಟುವರ್ಟ್ ಗಿಲ್ಬರ್ಟನು ತನ್ನ ವ್ಯಾಖ್ಯಾನದಲ್ಲಿ ಅದನ್ನು ಬಹಿರಂಗಪಡಿಸಿದ ತರುವಾಯ ಗ್ರಂಥವನ್ನು ಬದಿಗಿಟ್ಟು ಪಟ್ಟಿಯನ್ನೇ ಓದುವ ವಿದ್ವಾಂಸರೂ ಹುಟ್ಟಿಕೊಂಡರು! ಕವಿಯು ವ್ಯಂಗ್ಯವಾಗಿಟ್ಟುದನ್ನು ವಾಚ್ಯವಾಗಿಸಿದರೆ ಉಳಿಯುವುದು ಲೆಕ್ಕವೇ ಹೊರತು ಕಾವ್ಯವಲ್ಲ.

ಇದನ್ನು ದ್ವ್ಯರ್ಥಿಕಾವ್ಯವೆಂದು ಭ್ರಮಿಸಲಾಗದು. ಧನಂಜಯನ ದ್ವಿಸಂಧಾನದಲ್ಲಿಯೂ ಕವಿರಾಜನ ರಾಘವಪಾಂಡವೀಯದಲ್ಲಿಯೂ ಎರಡು ಕಥೆಗಳೂ ಪ್ರಸ್ತುತವೇ, ಎರಡೂ ವಾಚ್ಯವೇ. ಪಂಪನು ಅರಿಕೇಸರಿಯನ್ನು ಅರ್ಜುನನೊಡನೆ ಅಭೇದಗೊಳಿಸಿದಾಗ ಆಶ್ರಯದಾತನು ಪುರಾಣಪುರುಷನ ಎತ್ತರಕ್ಕೆ ಏರುತ್ತಾನೆ. ಜಾಯ್ಸನಲ್ಲಿ ಬ್ಲೂಮನೇ ಪ್ರಸ್ತುತ. ಗ್ರೀಕ್ ವೀರನು ಕೇವಲ ಸೂಚ್ಯ. ಇದು ಸಮಾಸೋಕ್ತಿಗೆ ಸಮೀಪವಾದುದು. ಆದರೆ ಅಲ್ಲಿ ವಿಶೇಷಣಸಾಮ್ಯದಿಂದ ಅಪ್ರಸ್ತುತವು ಹೊಳೆದರೆ, ಇಲ್ಲಿ ಬಹುಮಟ್ಟಿಗೆ ವೈಷಮ್ಯದಿಂದ ಹೊಳೆಯುತ್ತದೆ. ಒಕ್ಕಣ್ಣ ದೈತ್ಯನು ಹಡಗಿನ ಮೇಲೆ ಬೆಟ್ಟದ ತುದಿಯನ್ನೇ ಕಿತ್ತೆಸೆದನು. ಡಬ್ಲಿನ್ನಿನ ಪಾನಗೃಹದ ದೇಶಾಭಿಮಾನಿಯು ಬ್ಲೂಮನ ಗಾಡಿಯ ಮೇಲೆ ಬಿಸ್ಕತ್ತಿನ ಡಬ್ಬಿಯನ್ನು ಎಸೆಯುತ್ತಾನೆ. ಇದು ಹಾಸ್ಯ. ಆದರೆ ಪತ್ನಿಯ ಪ್ರಣಯಾರ್ಥಿಗಳನ್ನೆಲ್ಲ ಆ ವೀರನು ಕೊಂದನೆಂಬುದನ್ನು ನೆನೆದು ಬ್ಲೂಮನನ್ನು ನೋಡಬೇಕು. ಪತ್ನಿಯ ಸ್ಖಲನವನ್ನು ಬಲ್ಲ ಈತನು ಯಾರ ಮೇಲೂ ಕೈಯೆತ್ತದೆ ಅದೇ ಮಂಚದಲ್ಲಿ ಬಂದು ಮಲಗುತ್ತಾನೆ. ನಗುವು ಇಲ್ಲಿ ನಿಂತುಹೋಗುತ್ತದೆ. ಹೋಮರನ ಸ್ಮರಣೆಯಿಲ್ಲದಿದ್ದರೆ ಈ ಕ್ಷಮೆಯು ಬರಿಯ ದೌರ್ಬಲ್ಯವಾಗಿ ತೋರುತ್ತಿತ್ತು.

ಇನ್ನು ರೀತಿಯ ವಿಷಯ. ಪ್ರಕರಣಕ್ಕೊಂದು ರೀತಿಯನ್ನು ಕಂಡು ಬೆರಗಾಗುವವರು ದಂಡಿಯನ್ನು ನೆನೆಯಬಹುದು. ದಶಕುಮಾರಚರಿತೆಯಲ್ಲಿ ಮಂತ್ರಗುಪ್ತನ ತುಟಿಯು ಪ್ರಿಯೆಯ ದಂತಕ್ಷತದಿಂದ ನೊಂದಿದೆ. ಆದಕಾರಣ ಆತನು ಓಷ್ಠ್ಯವರ್ಣಗಳನ್ನು ಬಿಟ್ಟು ಕಥೆ ಹೇಳುತ್ತಾನೆ. ಶಬ್ದಚಿತ್ರಕ್ಕೆ ಕಥೆಯೊಳಗೇ ಕಾರಣವುಂಟು. ಜಾಯ್ಸನೂ ಕಾರಣವಿಲ್ಲದೆ ರೀತಿಯನ್ನು ಬದಲಿಸುವವನಲ್ಲ. ಪ್ರಸೂತಿಗೃಹದ ಪ್ರಕರಣದಲ್ಲಿ ಆಂಗ್ಲಗದ್ಯದ ಶೈಲಿಗಳನ್ನು ಪ್ರಾಚೀನದಿಂದ ಅರ್ವಾಚೀನದವರೆಗೆ ಕ್ರಮವಾಗಿ ಅನುಕರಿಸಿ, ಗರ್ಭದಲ್ಲಿ ಶಿಶು ಬೆಳೆಯುವಂತೆ ಭಾಷೆಯನ್ನು ಬೆಳೆಯಿಸಿದ್ದಾನೆ. ಕಲ್ಪನೆಯೇನೋ ಅದ್ಭುತವೇ. ಆದರೆ ಮೂರು ದಿನಗಳಿಂದ ಪ್ರಸವವೇದನೆಯಲ್ಲಿರುವ ಹೆಂಗಸಿನ ನೋವು ಈ ವೇಷಗಳ ಸಂದಣಿಯಲ್ಲಿ ಕೇಳಿಸುವುದೇ ಇಲ್ಲ. ಕೆಳಗೆ ಕುಡಿದು ಹರಟುವ ವೈದ್ಯವಿದ್ಯಾರ್ಥಿಗಳ ನಿರ್ದಯತೆಗೆ ಇದು ಅನುಗುಣವೆಂದು ಸಮರ್ಥಿಸುವುದುಂಟು. ಹಾಗಾದರೆ ಹನ್ನೊಂದು ದಿನದ ಮಗನನ್ನು ಕಳೆದುಕೊಂಡ ಬ್ಲೂಮನ ಮರುಕವಾದರೂ ಸ್ಫುಟವಾಗಬೇಕಿತ್ತು. ಅದೂ ಅನುಕರಣದಡಿಯಲ್ಲಿ ಮುಚ್ಚಿಹೋಗಿದೆ. ಕ್ಷೇಮೇಂದ್ರನು ಇದನ್ನು ಔಚಿತ್ಯಭಂಗವೆನ್ನದೆ ಬಿಡುತ್ತಿರಲಿಲ್ಲ.

ಕಡೆಯಿಂದ ಎರಡನೆಯದಾದ ಪ್ರಕರಣದ ಗತಿಯೇ ಬೇರೆ. ಅದೆಲ್ಲವೂ ಶಾಸ್ತ್ರಗ್ರಂಥದಂತೆ ಪ್ರಶ್ನೋತ್ತರರೂಪದಲ್ಲಿದೆ. ಅಲಂಕಾರದ ಸೋಂಕು ವಿರಳ, ಭಾವವಾಚಕಗಳು ಬಹಳ ಕಡಿಮೆ. ರಸಕ್ಕೆ ಇದಕ್ಕಿಂತ ಪ್ರತಿಕೂಲವಾದ ರೀತಿಯುಂಟೇ ಎನಿಸಬಹುದು. ಆದರೂ ಅತಿಥಿಯಾದ ಯುವಕ ಸ್ಟೀಫನ್ನನು ಹೊರಟುಹೋದ ಬಳಿಕ ಬ್ಲೂಮನನ್ನು ತಾಗುವ ನಕ್ಷತ್ರಾಂತರಾಳದ ಶೈತ್ಯವು ಓದುವವನನ್ನೂ ತಾಗುತ್ತದೆ. ಮೇಜಿನ ಸೆಳೆಖಾನೆಯಲ್ಲಿರುವ ವಿಮಾಪತ್ರ, ಬ್ಯಾಂಕಿನ ಪುಸ್ತಕ ಮೊದಲಾದವನ್ನು ಎಣಿಸುತ್ತ ಹೋಗುವ ಉತ್ತರವು, ಅದೇ ನಿರ್ವಿಕಾರಸ್ವರದಲ್ಲಿ, ವಿಷದಿಂದ ಪ್ರಾಣಬಿಟ್ಟ ತಂದೆಯು ಮಗನಿಗೆ ಬರೆದಿಟ್ಟ ಪತ್ರವನ್ನೂ ಎಣಿಸುತ್ತದೆ.